ಹಚಾ ಅಂದರೆ ಬರುವ ನಾಯಿ

ಸಾಗರದಿಂದ ಹೊಸನಗರದ ಮೇಲೆ ತೀರ್ಥಹಳ್ಳಿಗೆ ಹೋಗುವ ಬಸ್ಸಿನಲ್ಲಿ ಕನ್ನಪ್ಪ ಕಂಡಕ್ಟರಾಗಿದ್ದ ಕಾಲದಲ್ಲಿ, ಆ ದಾರಿಯಲ್ಲಿ ಅವನಿಗೆ ತಿಳಿಯದ ಸಂಗತಿ ಇರಲಿಲ್ಲ. ಯಾರ ಮನೆ ಎಮ್ಮೆ ಕರು ಹಾಕಿತು, ಯಾರ ಮಗಳನ್ನು ನೋಡಲು ಯಾರು ಬಂದು ಹೋದರು, ಯಾರು ಯಾರ ಜೊತೆ ಮಾತು ಬಿಟ್ಟಿದ್ದಾರೆ, ಎಲ್ಲ ಅವನ ನಾಲಿಗೆಯ ತುದಿಯಲ್ಲಿ. ಮಾತು ಬಿಟ್ಟವರನ್ನು ಹುಡುಕಿ ಹುಡುಕಿ ಒಂದೇ ಸೀಟಿನಲ್ಲಿ ಕೂರಿಸಿ, ಸೀಟಿ ಊದಿ, ತಾನು ಹಿಂದಿನ ಬಾಗಿಲಲ್ಲಿ ನಿಂತು ನಗುತ್ತಿದ್ದ ಪುಣ್ಯಾತ್ಮ ಅವನು. ಅಂಥವನಿಗೆ ಒಂದು ನಾಯಿಗೆ ಮನೆ ಹುಡುಕುವುದು ಯಾವ ಮಹಾ ಕೆಲಸ ಎಂದು ನಿಮಗನಿಸಬಹುದು. ಅವನಿಗೂ ಹಾಗೇ ಅನಿಸಿತ್ತು.

ಕನ್ನಪ್ಪನ ಹುಟ್ಟೂರು ಶರಾವತಿಯ ದಂಡೆಯಲ್ಲಿತ್ತು. ಇತ್ತು ಎಂದೇ ಹೇಳಬೇಕು. ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಎದ್ದು, ಅರವತ್ತನಾಲ್ಕನೇ ಇಸವಿಯ ಮಳೆಗಾಲದಲ್ಲಿ ನೀರು ಏರಿದಾಗ ಗದ್ದೆ, ಮನೆ, ದೋಣಿ ಕಡವಿನ ಊಟದ ಹೋಟೆಲು, ಭೂತಪ್ಪನ ಬನ ಎಲ್ಲ ಅಡಿಗೆ ಹೋದವು. ಅವನ ಅಪ್ಪ, ಅವ್ವ ಇಬ್ಬರನ್ನೂ ಸರಕಾರದವರು ಒಂದು ಲಾರಿಯಲ್ಲಿ ತುಂಬಿಕೊಂಡು ಹೋಗಿ ಎಲ್ಲೋ ಕಾಡಂಚಿನಲ್ಲಿ ಇಳಿಸಿ ಬಂದಿದ್ದರು. 'ಜಾಗ ಕೊಟ್ರು ಮಗ, ಊರು ಕೊಡ್ಲಿಲ್ಲ' ಎಂದು ಅಪ್ಪ ಅನ್ನುತ್ತಿದ್ದ. ಆ ಮಾತು ಕನ್ನಪ್ಪನಿಗೆ ನಾಟುತ್ತಿತ್ತು. ಆದರೆ ಹೊರಗೆ ತೋರಿಸಿಕೊಳ್ಳುವ ಆಸಾಮಿಯಲ್ಲ. ಬಸ್ಸಿನಲ್ಲಿ ಇನ್ನೂ ಒಂದಿಷ್ಟು ಜೋರಾಗಿ ತಮಾಷೆ ಮಾಡುತ್ತಿದ್ದ.

ಚೌತಿ ಕಳೆದ ಮೇಲೆ ಒಂದು ರಜೆಯ ದಿನ, ಊರಿನದು ಏನಾದರೂ ನೀರಿನ ಮೇಲೆ ಉಳಿದಿದೆಯೋ ನೋಡಿ ಬರೋಣವೆಂದು ಅವನು ಒಬ್ಬ ದೋಣಿಯವನ ಜೊತೆ ಹೊರಟ. ಉಳಿದದ್ದು ಗುಡ್ಡದ ನೆತ್ತಿ ಮಾತ್ರ. ಆ ನೆತ್ತಿಯ ಹಲಸಿನ ಮರದ ಬುಡದಲ್ಲಿ ಒಂದು ನಾಯಿ ಕೂತಿತ್ತು. ಮರಿಯಲ್ಲ, ಬೆಳೆದು ಬಲಿತ ಕೆಂದ ನಾಯಿ. ಒಂದು ಕಿವಿ ಅರ್ಧ ಹರಿದಿತ್ತು, ಪಕ್ಕೆಲುಬು ಲೆಕ್ಕ ಹಾಕುವ ಹಾಗಿತ್ತು. ಸುತ್ತ ನೀರು. ಯಾರೋ ಬಿಟ್ಟು ಹೋಗಿದ್ದರು, ಅಥವಾ ಲಾರಿ ಹೊರಡುವ ಹೊತ್ತಿಗೆ ಅದು ಎಲ್ಲೋ ಅಲೆಯಲು ಹೋಗಿತ್ತು.

"ಹತ್ರ ಹೋಗ್ಬೇಡ ಮಾರಾಯ, ಹಸಿದ ನಾಯಿ, ಕಚ್ಚಿದ್ರೆ ನನ್ನ ಕೇಳ್ಬೇಡ" ಎಂದ ದೋಣಿಯವ. ಕನ್ನಪ್ಪ ಕೇಳಲಿಲ್ಲ. ಬುತ್ತಿಯ ರೊಟ್ಟಿ ಮುರಿದು ಕೊಟ್ಟ. ನಾಯಿ ತಿಂದಿತು, ಅವನ ಮುಖ ನೋಡಿತು, ಹೇಳಿಸಿಕೊಳ್ಳದೆ ತಾನೇ ದೋಣಿ ಹತ್ತಿ ಕೂತಿತು. ಆಗಲೇ ಕನ್ನಪ್ಪ ಮನಸ್ಸಿನಲ್ಲಿ ಒಂದು ಮಾತು ಕೊಟ್ಟುಕೊಂಡ. ಇದನ್ನು ಎಲ್ಲಾದರೂ ಅಂತ ಬಿಡುವುದಿಲ್ಲ. ಸರಿಯಾದ ಮನೆಗೇ ಸೇರಿಸುವುದು.

ಸಾಗರದಲ್ಲಿ ಅವನದು ವಠಾರದ ಒಂದು ಕೋಣೆ. ಹೆಂಡತಿ ಪುಷ್ಪಮ್ಮ ತುಂಬಿದ ಬಸುರಿ. ನಾಯಿಯನ್ನು ಕಂಡು, "ನಂಗೇ ಕಾಲು ಚಾಚಕ್ಕೆ ಜಾಗ ಇಲ್ಲ, ನೀವು ನೆಂಟ್ರನ್ನ ಕರ್ಕೊಂಡು ಬಂದ್ರಾ?" ಎಂದು ಗದರಿದಳು. ಗದರುತ್ತಲೇ ಗಂಜಿ ಬಗ್ಗಿಸಿ ಅದರ ಮುಂದಿಟ್ಟಳು. ಕೆಂಪಾ ಎಂದು ಕರೆದಳು, ರಾಜಾ ಎಂದಳು, ದಾಸಾ ಎಂದಳು. ಯಾವ ಹೆಸರಿಗೂ ಅದು ಕಿವಿ ನಿಮಿರಿಸಲಿಲ್ಲ.

ವಠಾರದ ಯಜಮಾನರು ಮುಕುಂದಯ್ಯ. ಒಳ್ಳೆಯವರೇ, ಆದರೆ ಮಡಿಯ ವಿಷಯದಲ್ಲಿ ಅವರ ಹತ್ತಿರ ಮಾತಿಲ್ಲ. ಮರುದಿನ ಬೆಳಿಗ್ಗೆ ಬಾವಿಕಟ್ಟೆಯಲ್ಲಿ ಮಿಂದು, ಒದ್ದೆ ಪಂಚೆಯಲ್ಲಿ ಕೊಡ ಹೊತ್ತು ಬರುವಾಗ ದಾರಿಯಲ್ಲಿ ನಾಯಿ ಮಲಗಿತ್ತು. "ಹಚಾ!" ಎಂದು ಅಟ್ಟಿದರು. ನಾಯಿ ಥಟ್ಟನೆ ಎದ್ದಿತು. ಬಾಲ ಬೀಸುತ್ತಾ ಓಡಿಬಂದು ಎರಡೂ ಮುಂಗಾಲು ಎತ್ತಿ ಅವರ ಎದೆಯ ಮೇಲಿಟ್ಟಿತು. ಮುಕುಂದಯ್ಯ ಶಿವಶಿವಾ ಎನ್ನುತ್ತ ಹಿಂದಕ್ಕೆ ಹೋಗಿ ಮತ್ತೆ ಮಿಂದರು. ಬಂದರು. ಈ ಸಲ ದೂರದಿಂದಲೇ ಇನ್ನೂ ಜೋರಾಗಿ "ಹಚಾ, ಹಚಾ!" ಎಂದರು. ನಾಯಿ ಇನ್ನೂ ಜೋರಾಗಿ ಓಡಿಬಂತು. ಆ ಬೆಳಿಗ್ಗೆ ಅವರು ಎಷ್ಟು ಸಲ ಮಿಂದರೋ, ಮಧ್ಯಾಹ್ನಕ್ಕೆ ನೆಗಡಿ ಹಿಡಿದು ಕೂತರು.

"ನೋಡು ಕನ್ನಪ್ಪ," ಅಂದರು ಸಂಜೆ, ಮೂಗು ಒರೆಸಿಕೊಳ್ಳುತ್ತ, "ದೀಪಾವಳಿ ಒಳಗೆ ಅದು ಹೋಗ್ಬೇಕು. ಇಲ್ದಿದ್ರೆ ನೀವಿಬ್ಬರೂ ಕೋಣೆ ಬಿಡ್ಬೇಕು. ಬಸುರಿಯನ್ನ ಎಬ್ಬಿಸ್ದೆ ಅನ್ನೋ ಪಾಪ ನಂಗೆ ಬೇಡ, ಅದನ್ನ ತರಿಸ್ಬೇಡ."

ಆ ವರ್ಷ ಸಾಗರದಲ್ಲಿ ಕೋಣೆ ಸಿಗುವುದೆಂದರೇನು ಸುಮ್ಮನೆಯೇ? ಮುಳುಗಡೆಯವರು ಬಂದು ಪೇಟೆಯ ಜಗಲಿ ಜಗಲಿಯಲ್ಲೂ ಗಂಟುಮೂಟೆ ಇಳಿಸಿದ್ದರು. ಕನ್ನಪ್ಪ ತಲೆ ತಗ್ಗಿಸಿ "ಆಯ್ತು ಅಯ್ಯ" ಎಂದ.

ಅವನ ಬಸ್ಸಿನ ಡ್ರೈವರ್ ಶೇಷಪ್ಪ ಯಾವುದನ್ನೂ ಮನಸ್ಸಿಗೆ ಹಚ್ಚಿಕೊಳ್ಳದ ಮನುಷ್ಯ. "ಹುಲಿಕಲ್ ಕಡೆ ಹೋಗೋ ಲಾರಿಗೆ ಹಾಕಿ ಕಳ್ಸು. ಘಾಟಿಯಲ್ಲಿ ಎಲ್ಲಾದ್ರೂ ಇಳ್ಸಿ ಬರ್ತಾರೆ. ಮುಗೀತು" ಎಂದ.

ಕನ್ನಪ್ಪನಿಗೆ ಎಲ್ಲಿತ್ತೋ ಸಿಟ್ಟು. "ಇಳ್ಸಿ ಬರೋದು ಅಂದ್ರೆ ಎಂತದು? ನಮ್ಮಪ್ಪನ್ನೂ ಹಾಗೇ ಅಲ್ವಾ ಇಳ್ಸಿ ಬಂದಿದ್ದು? ಇನ್ನೊಂದ್ಸಲ ಆ ಮಾತು ಆಡಿದ್ರೆ ಬಸ್ಸು ನೀನೊಬ್ಬನೇ ಹೊಡ್ಕೊಂಡು ಹೋಗು!" ಶೇಷಪ್ಪ ಮತ್ತೆ ಆ ಮಾತು ಎತ್ತಲಿಲ್ಲ.

ಮೊದಲು ಸಿಕ್ಕವರು ಹೊಸನಗರದ ಸೀತಾರಾಮಪ್ಪ. ಅವರದು ಅಕ್ಕಿ ಗಿರಣಿ. ರಾತ್ರಿ ಕಳ್ಳರ ಕಾಟವೆಂದು ಒಂದು ಗಟ್ಟಿ ನಾಯಿ ಹುಡುಕುತ್ತಿದ್ದರು. ಕನ್ನಪ್ಪ ಗಿರಣಿಯನ್ನೆಲ್ಲ ಸುತ್ತಿ ನೋಡಿ, ಮಲಗಲು ಗೋಣಿ ಹಾಸುತ್ತಾರೋ ಎಂದು ವಿಚಾರಿಸಿ, ಕನ್ಯೆ ಕೊಡುವವನ ಗತ್ತಿನಲ್ಲಿ ನಾಯಿಯನ್ನು ಒಪ್ಪಿಸಿ ಬಂದ. ವಾರ ಕಳೆಯುವುದರೊಳಗೆ ಸೀತಾರಾಮಪ್ಪ ಹಗ್ಗ ಹಿಡಿದು ಬಸ್ ನಿಲ್ಲುವಲ್ಲಿಗೇ ಬಂದು ಕಾಯುತ್ತಿದ್ದರು.

"ನಿನ್ನ ನಾಯಿ ನೀನೇ ಇಟ್ಕೋ ಮಾರಾಯ. ಮೂಟೆ ಹೊತ್ತವರು ದಾರಿ ಬಿಡು ಹಚಾ ಅಂದ್ರೆ ನೇರ ಕಾಲಿಗೇ ಬಂದು ಬೀಳ್ತದೆ. ನಿನ್ನೆ ಒಬ್ಬ ಮೂಟೆ ಸಮೇತ ಉರುಳಿದ. ಅವನ ಮೇಲೆ ನಾನು, ನನ್ನ ಮೇಲೆ ತೌಡು. ಕಿವುಡು ನಾಯಿ ತಂದು ಗಂಟು ಹಾಕಿದ್ಯಲ್ಲ!"

ಕನ್ನಪ್ಪ ನಾಯಿಯ ಬೆನ್ನ ಹಿಂದೆ ನಿಂತು ಬಸ್ಸಿನ ತಗಡನ್ನು ಗುದ್ದಿದ. ನಾಯಿ ಬೆಚ್ಚಿ ತಿರುಗಿತು. ಕಿವುಡಂತೂ ಅಲ್ಲ. ಹಾಗಾದರೆ ಹಟವೇ ಇರಬೇಕು ಎಂದು ಎಲ್ಲರೂ ತೀರ್ಮಾನ ಮಾಡಿದರು. ನಾಯಿ ಮಾತ್ರ ಕನ್ನಪ್ಪನನ್ನು ಕಂಡ ಖುಷಿಗೆ ಟಿಕೆಟ್ ಪುಸ್ತಕದ ಚೀಲವನ್ನೇ ನೆಕ್ಕುತ್ತಿತ್ತು.

ಎರಡನೆಯದು ತೀರ್ಥಹಳ್ಳಿಯ ಜವಳಿ ಅಂಗಡಿ ಸುಬ್ಬಪ್ಪನವರ ಮನೆ. ಅವರ ಹಳೆಯ ನಾಯಿಯನ್ನು ಚಿರತೆ ಹೊತ್ತೊಯ್ದಿತ್ತು. ಹೆಂಡತಿ ಯಮುನಮ್ಮ ಅದೇ ಕೊರಗಿನಲ್ಲಿದ್ದರು. ಈ ಮನೆ ಬಂಗಾರದಂಥ ಮನೆ ಎಂದು ಕನ್ನಪ್ಪನಿಗೆ ಹೊಸ್ತಿಲಲ್ಲೇ ಅನಿಸಿತು. ಯಮುನಮ್ಮ ನಾಯಿಗೆ ಬಾ ಮರಿ, ಕೂರು ಮರಿ, ಉಣ್ಣು ಮರಿ ಎನ್ನುತ್ತಿದ್ದರು. ಮೈ ತುಂಬಿಕೊಂಡು ಅದರ ಕೂದಲಿಗೆ ಹೊಳಪು ಬಂತು. ಕನ್ನಪ್ಪ ಮನೆಗೆ ಬಂದು ಪುಷ್ಪಮ್ಮನಿಗೆ "ಮುಗೀತು ಕಣೇ, ದಡ ಸೇರ್ತು" ಎಂದು ಹೇಳಿ ನೆಮ್ಮದಿಯಿಂದ ಉಂಡ.

ದೀಪಾವಳಿಗೆ ಇನ್ನು ಕೆಲವೇ ದಿನ ಇರುವಾಗ ಆ ಮನೆಯಲ್ಲಿ ಮಗಳ ನಿಶ್ಚಿತಾರ್ಥ ಆಯಿತು. ಗಂಡಿನ ಕಡೆಯವರೆಲ್ಲ ಪಂಕ್ತಿಯಲ್ಲಿ ಕೂತಿದ್ದರು, ಪಾಯಸ ಬರುತ್ತಿತ್ತು. ನಾಯಿ ಪಾಪ, ಬಾಗಿಲ ಹೊರಗೆ ನಿಂತು ಇಣುಕಿತು ಅಷ್ಟೆ. ತುದಿಯಲ್ಲಿ ಕೂತ ಯಾರೋ ಒಬ್ಬರು "ಹಚಾ" ಎಂದರು. ಒಳಗೆ ಬಂತು. ಪಕ್ಕದವರು "ಹಚಾ" ಎಂದರು. ಅವರ ಹತ್ತಿರ ಹೋಯಿತು. ಅಯ್ಯೋ, ಆಮೇಲೆ ಕೇಳಬೇಕೆ! ಪಂಕ್ತಿಗೆ ಪಂಕ್ತಿಯೇ ಹಚಾ ಹಚಾ ಎಂದು ಎದ್ದು ನಿಂತಿತು. ನಾಯಿಗೆ ಯಾರ ಹತ್ತಿರ ಮೊದಲು ಹೋಗಬೇಕೆಂದು ತಿಳಿಯದೆ, ಒಬ್ಬರನ್ನೂ ಬೇಸರಪಡಿಸಬಾರದೆಂದು ಎಲೆಯಿಂದ ಎಲೆಗೆ ಹಾರುತ್ತ ಎಲ್ಲರ ಹತ್ತಿರವೂ ಹೋಗಿ ಬಾಲ ಬೀಸಿತು. ಗಂಡಿನ ಅಪ್ಪನ ಪಾಯಸದಲ್ಲಿ ಕಾಲಿಟ್ಟು, ಅವರ ಮಡಿಲಲ್ಲಿ ಕೂತ ಮೇಲೆಯೇ ಆ ಕುಣಿತ ನಿಂತಿತು.

"ಸಂಬಂಧ ಉಳೀತು ಅನ್ನೋದೇ ದೊಡ್ಡದು ಕನ್ನಪ್ಪ," ಎಂದು ಯಮುನಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಹಗ್ಗ ಅವನ ಕೈಗಿತ್ತರು. "ಮದುವೆ ಮನೆ. ಇನ್ನು ಇಟ್ಕಳಕ್ಕೆ ಇವರು ಒಪ್ಪಲ್ಲ. ಎಷ್ಟು ಒಳ್ಳೇದು ಗೊತ್ತಾ ಅದು? ಯಾಕೆ ಹಾಗೆ ಮಾಡ್ತೋ."

ಕನ್ನಪ್ಪನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಾಯಿಯನ್ನು ಬಸ್ಸಿಗೆ ಹತ್ತಿಸಿ ಹಿಂದಿನ ಸೀಟಿನ ಅಡಿಗೆ ಕಟ್ಟಿದ. ಹಬ್ಬ ಹತ್ತಿರ ಬಂತು, ಮನೆಯಲ್ಲಿ ಬಸುರಿ, ಮೂಗು ಒರೆಸಿಕೊಳ್ಳುವ ಮುಕುಂದಯ್ಯ. ದಾರಿಯುದ್ದಕ್ಕೂ ಅವನು ಒಂದೇ ಒಂದು ತಮಾಷೆ ಮಾಡಲಿಲ್ಲ. ಪ್ರಯಾಣಿಕರು ಕಂಡಕ್ಟರಿಗೆ ಜ್ವರವೇ ಎಂದು ಕೇಳಿದರು.

ಕವಲೇದುರ್ಗಕ್ಕೆ ಹೋಗುವ ತಿರುವಿನ ಹತ್ತಿರ ಬಸ್ಸಿನ ಟೈರು ಢಬ್ ಎಂದಿತು. ಶೇಷಪ್ಪ ಇಳಿದು ನೋಡಿ ಹಣೆ ಬಡಿದುಕೊಂಡ. ಟೈರಿಗಲ್ಲ. ಬಸ್ಸು ನಿಂತದ್ದು ಸರಿಯಾಗಿ ಗುತ್ಯಮ್ಮನ ಚಾದಂಗಡಿಯ ಎದುರಿಗೆ.

ಗುತ್ಯಮ್ಮನೆಂದರೆ ಆ ದಾರಿಯ ಡ್ರೈವರುಗಳಿಗೆಲ್ಲ ದಿಗಿಲು. ನಡುವಯಸ್ಸಿನ ದೊಡ್ಡ ಆಳು, ಕೈಯಲ್ಲಿ ಸದಾ ಒಂದು ಸೌಟು, ಬಾಯಲ್ಲಿ ಸದಾ ಒಂದು ಬೈಗುಳ. ಚಾ ನೀರಾಯಿತು ಎಂದವರಿಗೆ, ಸಾಲ ಕೇಳಿದವರಿಗೆ, ಕೂತು ಹರಟಿದವರಿಗೆ, ಎಲ್ಲರಿಗೂ ಒಂದೇ ಮಂತ್ರ: ಹಚಾ. ಮನುಷ್ಯನಿಗೆ ಹಚಾ ಎಂದರೆ ಯಾರು ಸುಮ್ಮನಿರುತ್ತಾರೆ? ಒಮ್ಮೆ ಶೇಷಪ್ಪನಿಗೂ ಹಾಗೆಂದಿದ್ದಳು. ಅಂದಿನಿಂದ ಅವನು ಅಲ್ಲಿ ಬಸ್ಸು ನಿಲ್ಲಿಸುತ್ತಿರಲಿಲ್ಲ, ಆಚೆ ಮುಖ ಮಾಡಿಯೇ ದಾಟುತ್ತಿದ್ದ.

ಈಗ ಗತಿಯಿಲ್ಲ. ಜನ ಚಾಕ್ಕೆಂದು ಒಳಗೆ ಹೋದರು. ಕನ್ನಪ್ಪ, ಶೇಷಪ್ಪ ಇಬ್ಬರೂ ಜಾಕಿ ಹಚ್ಚಿ ಟೈರಿನ ಕೆಲಸಕ್ಕೆ ಕೂತರು. ಯಾರೋ ನಾಯಿಯನ್ನೂ ನೆರಳಿಗೆಂದು ಬಿಚ್ಚಿಬಿಟ್ಟರು. ಅದು ಹೋಗಿ ಅಂಗಡಿಯ ಮೆಟ್ಟಿಲ ಹತ್ತಿರ ಮೂಸಿತು.

"ಹಚಾ!" ಎಂದಳು ಗುತ್ಯಮ್ಮ.

ನಾಯಿ ಮೆಟ್ಟಿಲು ಹತ್ತಿತು.

"ಹಚಾ ಅಂದ್ನಲ್ಲಾ! ಕಿವಿ ಇಲ್ವಾ ನಿಂಗೆ?"

ನಾಯಿ ಒಲೆಯ ಹತ್ತಿರವೇ ಬಂತು. ಅವಳು ಸೌಟು ಎತ್ತಿ ಗಂಟಲು ಹರಿಯುವಂತೆ ಹಚಾ ಹಚಾ ಹಚಾ ಎಂದು ಅಬ್ಬರಿಸಿದಳು. ನಾಯಿ ಸಂತೋಷ ತಡೆಯಲಾರದೆ ಮೈಯನ್ನೆಲ್ಲ ಕುಣಿಸಿ, ಕೊನೆಗೆ ಅವಳ ಪಾದದ ಮೇಲೆ ಗದ್ದ ಊರಿ ಮಲಗಿತು. ಬೆಂಚಿನ ಮೇಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಗುತ್ಯಮ್ಮ ಸೋತು, ಬೆಳಗಿನ ಕಡುಬು ಒಂದನ್ನು ತೆಗೆದು, "ಹಚಾ, ತಿಂದು ಸಾಯಿ!" ಎಂದು ಅಂಗಳಕ್ಕೆ ಎಸೆದಳು. ನಾಯಿ ಹಾರಿ ಅದನ್ನು ಗಾಳಿಯಲ್ಲೇ ಹಿಡಿಯಿತು.

ಕನ್ನಪ್ಪನ ಕೈಯಿಂದ ಸ್ಪ್ಯಾನರ್ ಜಾರಿತು. ಮುಳುಗಿದ ಊರಿನ ಕಡವಿನ ಹತ್ತಿರ ಇದ್ದ ಹಳೇ ಊಟದ ಹೋಟೆಲು ಕಣ್ಣಿಗೆ ಕಟ್ಟಿತು. ಹಿತ್ತಲ ಬಾಗಿಲು ತೆರೆದು, ಎಂಜಲೆಲೆ ಎಸೆಯುತ್ತಾ ಹೋಟೆಲಿನವರು ಕೂಗುತ್ತಿದ್ದ ಮಾತು ಇದೇ ಅಲ್ಲವೇ! ನಮ್ಮವರ ಚಾಳಿಯೇ ಅದು. ನಾಯಿಗೆ ಅನ್ನ ಹಾಕುವಾಗಲೂ ಹೋಗು ಎಂದೇ ಹಾಕುವುದು. ಎಸೆಯುವವರ ಕೈ ಒಂದು ಹೇಳುತ್ತದೆ, ಬಾಯಿ ಇನ್ನೊಂದು ಹೇಳುತ್ತದೆ. ನಾಯಿ ಕೈಯನ್ನು ನಂಬಿತ್ತು.

"ಅದು ಹಟ ಅಲ್ಲ ಕಣ್ರೋ!" ಎಂದು ಕನ್ನಪ್ಪ ಕೂಗಿದ. "ಹೋಟೆಲಿನ ಹಿತ್ತಲಲ್ಲಿ ಬೆಳೆದದ್ದು ಅದು. ಅದಕ್ಕೆ ಹಚಾ ಅಂದ್ರೆ ಊಟಕ್ಕೆ ಬಾ ಅಂತ! ಅದರ ಹೆಸರೇ ಹಚಾ!"

ಜನ ಮತ್ತೆ ನಕ್ಕರು. ಗುತ್ಯಮ್ಮ ಮಾತ್ರ ನಗಲಿಲ್ಲ. ಸೌಟು ಹಿಡಿದು ನಿಂತಲ್ಲೇ ನಿಂತು ನಾಯಿಯನ್ನೇ ನೋಡುತ್ತಿದ್ದಳು.

ಟೈರು ಹಾಕಿ ಆಯಿತು. ಶೇಷಪ್ಪ ಕನ್ನಪ್ಪನ ಕಿವಿಯಲ್ಲಿ ಪಿಸುಗುಟ್ಟಿದ. "ಇಲ್ಲೇ ಬಿಟ್ಬಿಡು. ಹಚಾ ಅನ್ನೋರಿಗೂ ಹಚಾ ಅಂದ್ರೆ ಬರೋದಕ್ಕೂ ಸರಿ ಹೋಯ್ತು."

"ತಮಾಷೆನಾ ನಿಂಗೆ? ಇವತ್ತು ಕಡುಬು ಎಸೆದ್ಲು, ನಾಳೆ ಕೊಳ್ಳಿ ಎಸೀತಾಳೆ. ಅದು ಅದನ್ನೂ ಬಾಯಲ್ಲಿ ಹಿಡಿಯಕ್ಕೆ ಹೋಗ್ತದೆ. ಯಾವ ಮನೆಯಲ್ಲಿ ಆ ಮಾತೇ ಆಡಲ್ವೋ ಅಂಥ ಮನೆಗೇ ಕೊಡೋದು ನಾನು" ಎಂದು ಕನ್ನಪ್ಪ ನಾಯಿಯನ್ನು ಎತ್ತಿ ಬಸ್ಸಿಗೆ ಹಾಕಿಕೊಂಡ.

"ತಗೊಂಡು ಹೋಗಿ ಮತ್ತೆ, ಯಾರಿಗೆ ಬೇಕು! ಹಚಾ!" ಎಂದು ಗುತ್ಯಮ್ಮ ಹಿಂದಿನಿಂದ ಕೂಗಿದಳು. ಕೂಗಿದ್ದೇ ತಡ, ನಾಯಿ ಅವನ ಕೈ ಕೊಸರಿಕೊಂಡು, ಬಾಗಿಲಿಂದ ನೆಗೆದು ಅವಳ ಹತ್ತಿರ ಓಡಿತು. ಅದನ್ನು ಮತ್ತೆ ಹಿಡಿದು ತರುವಷ್ಟರಲ್ಲಿ ಕನ್ನಪ್ಪನ ಖಾಕಿ ಅಂಗಿಯ ಗುಂಡಿ ಕಿತ್ತುಹೋಗಿತ್ತು.

ಮನೆಯಲ್ಲಿ ಪುಷ್ಪಮ್ಮ ಎಲ್ಲ ಕೇಳಿ ನಕ್ಕಳು. "ಹಚಾ ಅನ್ನದ ಮನೆ ಈ ಸೀಮೆಯಲ್ಲಿ ಎಲ್ಲಿದೆ ರೀ? ನಾನೇ ದಿನಕ್ಕೆ ಹತ್ತು ಸಲ ಅಂತೀನಿ" ಎಂದಳು. ಕನ್ನಪ್ಪನಿಗೆ ತೀರ್ಥಹಳ್ಳಿಯಲ್ಲಿ ಇನ್ನೂ ಒಬ್ಬರನ್ನು ಕೇಳುವುದಿತ್ತು. ಅಲ್ಲಿಯೂ ಆಗದಿದ್ದರೆ ಹಬ್ಬದ ಹೊತ್ತಿಗೆ ಕೋಣೆ ಖಾಲಿ ಮಾಡುವುದೇ ಎಂದು ಮನಸ್ಸು ಗಟ್ಟಿಮಾಡಿಕೊಂಡ. ನಾಯಿಯನ್ನು ಕರೆದುಕೊಂಡೇ ಬೆಳಿಗ್ಗೆ ಹೊರಟ.

ಕವಲೇದುರ್ಗದ ತಿರುವಿಗೆ ಬರುವಾಗ ಶೇಷಪ್ಪ ಜೋರಾಗಿ ಬ್ರೇಕು ಒತ್ತಿದ. ರಸ್ತೆಯ ನಟ್ಟನಡುವೆ ಗುತ್ಯಮ್ಮ ನಿಂತಿದ್ದಳು. ತಲೆ ಬಾಚಿ, ಹೊಸ ಸೀರೆ ಉಟ್ಟು, ಕೈಯಲ್ಲಿ ಸೌಟಿಲ್ಲದೆ. ಶೇಷಪ್ಪ ಸ್ಟೇರಿಂಗಿನ ಹಿಂದೆ ತಗ್ಗಿ ಕೂತ. ಕನ್ನಪ್ಪ ಇಳಿದ, ನಾಯಿ ನೆಗೆಯದಂತೆ ಬಾಗಿಲು ಎಳೆದುಕೊಂಡ.

"ಅದು ಇದ್ಯಾ?" ಎಂದಳು ಗುತ್ಯಮ್ಮ.

"ಯಾವ್ದು ಅಕ್ಕಾ?"

"ಯಾವ್ದು ಅಂತ ಗೊತ್ತಿದ್ದೂ ಕೇಳ್ಬೇಡ. ನಂಗೆ ಕೊಡು ಅದನ್ನ."

ಕನ್ನಪ್ಪ ತಕ್ಷಣ ಒಪ್ಪಲಿಲ್ಲ. "ಬೇಜಾರು ಮಾಡ್ಕೋಬೇಡಿ ಅಕ್ಕಾ. ನಿಮ್ಗೆ ಸಿಟ್ಟು ಬೇಗ. ಅದು ಮೂಕ ಪ್ರಾಣಿ. ಒಂದೊಂದ್ಸಲ ಕೈಗೆ ಸಿಕ್ಕಿದ್ರಲ್ಲಿ…"

"ನಂದು ಬಾಯಿ ಕೆಟ್ಟದು ತಮ್ಮಾ, ಕೈಯಲ್ಲ. ಯಾರನ್ನ ಬೇಕಾದ್ರೂ ಕೇಳು, ಒಂದು ಇರುವೆನೂ ಹೊಡೆದೋಳಲ್ಲ." ಅವಳು ಬಸ್ಸಿನ ಕಿಟಕಿಗಳಲ್ಲಿ ತುಂಬಿಕೊಂಡಿದ್ದ ಮುಖಗಳನ್ನು ನೋಡಿ ದನಿ ತಗ್ಗಿಸಿದಳು. "ಗಂಡನಿಗೆ ಹಚಾ ಅಂದೆ, ಘಟ್ಟದ ಕೆಳಗೆ ಹೋದೋನು ಬರ್ಲೇ ಇಲ್ಲ. ತಂಗಿ ಹಾಲಮ್ಮ ಜೊತೆಗಿದ್ಲು. ಒಂದು ದಿನ ಗಂಜಿ ಸೀದೋಯ್ತು ಅಂತ ಅವಳಿಗೂ ಅಂದೆ, ಗಂಟು ಕಟ್ಟಿದ್ಲು. ಅಂದಿದ್ದೆಲ್ಲ ಹೋಗ್ಲಿ ಅಂತ ಅಂದಿದ್ದಲ್ಲ ಮಾರಾಯ. ಬಾಯಿಗೆ ಬೇರೆ ಮಾತು ಬರಲ್ಲ ನಂಗೆ. ಎಲ್ರೂ ಹೋದ್ರು. ನಾನು ಅಂದಾಗ ಬಂದಿದ್ದು ಅದೊಂದೇ."

ಯಾವ ಮನೆಯಲ್ಲಿ ಆ ಮಾತೇ ಆಡುವುದಿಲ್ಲವೋ ಅಂಥ ಮನೆ ಹುಡುಕುತ್ತಿದ್ದವನು ಕನ್ನಪ್ಪ. ತಪ್ಪು ಮನೆ ಹುಡುಕುತ್ತಿದ್ದೆ ಎಂದು ಅವನಿಗೆ ಹೊಳೆಯಿತು. ಅವನು ಬಾಗಿಲು ತೆರೆದು, ಕತ್ತಿನ ಹಗ್ಗ ಬಿಚ್ಚಿದ.

ನಾಯಿ ಮೆಟ್ಟಿಲ ಮೇಲೆ ನಿಂತು ಅವನ ಮುಖ ನೋಡಿತು. ಗುತ್ಯಮ್ಮ ರಸ್ತೆಯಲ್ಲೇ ಕುಕ್ಕರುಗಾಲಲ್ಲಿ ಕೂತಳು. ಎರಡೂ ಕೈ ಮುಂದೆ ಚಾಚಿದಳು. ಬೈಯುವುದಕ್ಕೆ ಮಾತ್ರ ಪಳಗಿದ್ದ ಆ ಗಂಟಲಿನಲ್ಲಿ, ಮಗುವನ್ನು ಕರೆಯುವಷ್ಟು ಮೆಲ್ಲನೆಯ ದನಿಯಲ್ಲಿ ಅವಳು ಕರೆದಳು.

"ಹಚಾ… ಹಚಾ ಮಗಾ, ಹಚಾ."

ನಾಯಿ ಓಡಿತು. ಕನ್ನಪ್ಪ ಸೀಟಿ ಬಾಯಿಗಿಟ್ಟ, ಊದದೆ ಇಳಿಸಿದ. ಕೈಯಿಂದ ಬಸ್ಸಿನ ತಗಡು ತಟ್ಟಿದ, ಶೇಷಪ್ಪ ಗೇರು ಹಾಕಿದ.